ಖುಷ್ಕಿ ರಾಗಿ ಹೊಲದಲ್ಲಿ ಮಳೆ ಕೈಕೊಟ್ಟರೂ ಏನಾದರೂ ದಕ್ಕಬೇಕಾದರೆ ಹೇಗೆ ಬಿತ್ತಬೇಕು?

ಕೆಂಪು ಮಣ್ಣಿನ ಎಕರೆ, ಎರಡೆಕರೆ ಹೊಲಕ್ಕೆ ಪ್ರತಿ 8 ಸಾಲು ರಾಗಿಗೆ 2 ಸಾಲು ತೊಗರಿ ಹೊಂದುತ್ತದೆ. ಮುಖ್ಯ ಬೆಳೆಯ ನಡುವೆ ಬೇರೆ ಬೆಳೆಯ ಸಾಲು ಹಾಕುವ ಹಳೆಯ ಅಕ್ಕಡಿ ಪದ್ಧತಿಯದೇ ಲೆಕ್ಕಾಚಾರದ ರೂಪ ಇದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸೂ ಹೌದು.

ಸಾಲಿನಿಂದ ಸಾಲಿಗೆ ಒಂದಡಿ. ಎಕರೆಗೆ ರಾಗಿ 4–5 ಕೆ.ಜಿ., ತೊಗರಿ ಸುಮಾರು 2 ಕೆ.ಜಿ. ಸಾಲಾಗಿ ಬೀಜ ಬಿಡುವ ಕೂರಿಗೆಯಲ್ಲೇ ಬಿತ್ತಿರಿ. ಕೈಯಲ್ಲಿ ಎರಚಿದರೆ ಆಮೇಲೆ ಕಳೆ ತೆಗೆಯುವ ಕುಂಟೆ ಆಡುವುದಿಲ್ಲ, ಕಳೆಗೇ ಕೂಲಿ ಹೋಗುತ್ತದೆ.

ಮುಖ್ಯ ಕೆಲಸ ಮುಂದಿದೆ. ಬಿತ್ತಿದ ತಿಂಗಳಿಗೆ ಎರಡು ತೊಗರಿ ಸಾಲುಗಳ ನಡುವೆ ನೇಗಿಲಿನಿಂದ ಒಂದು ಸಣ್ಣ ಕಾಲುವೆ ತೆಗೆಯಿರಿ. ಬಿದ್ದ ಮಳೆ ಅಲ್ಲೇ ಇಂಗುತ್ತದೆ, ರಾಗಿ ಕೊಯ್ದ ಮೇಲೂ ತೊಗರಿಗೆ ತೇವ ಸಿಗುತ್ತದೆ. ಆದರೆ ಸಾಲುಗಳು ಇಳಿಜಾರಿಗೆ ಅಡ್ಡಲಾಗಿರಲೇಬೇಕು. ಇಳಿಜಾರಿನ ಗುಂಟ ತೆಗೆದ ಕಾಲುವೆ ಮೇಲ್ಮಣ್ಣನ್ನೇ ಹೊತ್ತೊಯ್ಯುತ್ತದೆ.

ಮಳೆ ಜುಲೈ ಕೊನೆಗೂ ಬಾರದಿದ್ದರೆ ತೊಗರಿ ಆಸೆ ಬಿಡಿ, ಜಿಪಿಯು-48ರಂಥ ಅಲ್ಪಾವಧಿ ರಾಗಿ ಮಾತ್ರ ಹಾಕಿ.

ಬಹಳ ಕಡೆ ಈ ಪದ್ಧತಿ ಕೆಡುವುದು ಮಳೆಯಿಂದಲ್ಲ, ದನಗಳಿಂದ! ರಾಗಿ ಕೊಯ್ಲಾದ ಕೂಡಲೇ ಊರ ದನ ಕೂಳೆಗೆ (ಕೊಯ್ದುಳಿದ ಬುಡಕ್ಕೆ) ನುಗ್ಗುತ್ತವೆ, ತೊಗರಿ ಆಗಿನ್ನೂ ಹೂವು-ಕಾಯಲ್ಲಿರುತ್ತದೆ. ಅಕ್ಕಪಕ್ಕದ ನಾಲ್ಕಾರು ಹೊಲದವರು ಒಟ್ಟಿಗೆ ಬಿತ್ತಿದರೆ ಕಾವಲು ಸುಲಭ.