ಸಯನೋಟೈಪ್: ನೀಲಿ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಮೊಬೈಲ್ ಫೋಟೋವನ್ನು ನೆಗೆಟಿವ್ ಮಾಡಿ, ಜೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಓಎಚ್‌ಪಿ ಶೀಟಿಗೆ ಪ್ರಿಂಟ್ ಹಾಕಿಸಿ ಸಯನೋಟೈಪ್ (ಔಷಧಿ ಹಚ್ಚಿದ ಹಾಳೆಯನ್ನು ಬಿಸಿಲಿಗಿಟ್ಟು ನೀಲಿ ಚಿತ್ರ ಮುದ್ರಿಸುವ ವಿಧಾನ) ಮಾಡುತ್ತಿದ್ದೇನೆ. ಮಾಮೂಲಿ ಎ4 ಹಾಳೆ, ಬಿಸಿಲಿನಲ್ಲಿ 5 ನಿಮಿಷ. ಬೋರ್‌ವೆಲ್ ನೀರಿಗೆ ಹಾಕಿದೊಡನೆ ನೀಲಿ ಹರಿದುಹೋಗುತ್ತದೆ. ಬಿಳಿ ಇರಬೇಕಾದ ಕಡೆಯೂ ತೆಳುನೀಲಿ. ಔಷಧಿ ಕೆಟ್ಟಿದೆಯೇ?

ಉತ್ತರ: ಔಷಧಿಯನ್ನು ಆಮೇಲೆ ಅನುಮಾನಿಸೋಣ, ಮೊದಲು ಹಾಳೆ. ಜೆರಾಕ್ಸ್ ಹಾಳೆಯಲ್ಲಿ ಸಾಮಾನ್ಯವಾಗಿ ಸುಣ್ಣದ ಪುಡಿ ಬೆರೆತಿರುತ್ತದೆ. ಕ್ಷಾರ ತಗುಲಿದರೆ ಈ ನೀಲಿ ಬದುಕುವುದಿಲ್ಲ. ಗಡಸು ಬೋರ್‌ವೆಲ್ ನೀರೂ ಅದೇ ಕೆಲಸ ಮಾಡುತ್ತದೆ. ಸುಣ್ಣದಂಶವಿಲ್ಲದ ಹತ್ತಿಯ ಜಲವರ್ಣ ಹಾಳೆ ಬಳಸಿ. ಮೊದಲ ತೊಳೆತಕ್ಕೆ ಲೀಟರ್ ನೀರಿಗೆ ಕಾಲು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ. ಹಳದಿ ಪೂರ್ತಿ ಬಿಡುವವರೆಗೆ, ಸುಮಾರು 10 ನಿಮಿಷ, ತೊಳೆಯಿರಿ.

5 ನಿಮಿಷವೂ ಕಡಿಮೆಯೇ. ಗಡಿಯಾರಕ್ಕಿಂತ ಬಣ್ಣ ನೋಡಿ: ಹಳದಿಹಸಿರು ನೀಲಿಗೆ ತಿರುಗಿ, ದಟ್ಟ ಭಾಗಗಳು ಕಂಚಿನ ಬೂದುಬಣ್ಣಕ್ಕೆ ಬರಬೇಕು. ಕೆಟ್ಟುಹೋಯಿತು ಅನ್ನಿಸುವ ಆ ಹಂತವೇ ಸರಿಯಾದದ್ದು. ಹಾಳೆಗೆ ಮುಚ್ಚಿದ ರಟ್ಟನ್ನು 3 ನಿಮಿಷಕ್ಕೊಮ್ಮೆ ಸ್ವಲ್ಪಸ್ವಲ್ಪ ಸರಿಸುತ್ತಾ 15 ನಿಮಿಷದವರೆಗೆ ಪಟ್ಟಿಪರೀಕ್ಷೆ ಮಾಡಿದರೆ ನಿಮ್ಮೂರಿನ ಬಿಸಿಲಿನ ಲೆಕ್ಕ ಸಿಗುತ್ತದೆ.

ಬಿಳಿಯಲ್ಲಿ ನೀಲಿ ಬರಲು ಕಾರಣ ಎರಡಿರಬಹುದು. ಮುಂದಿನ ಹಾಳೆಯ ಅಂಚಿನಲ್ಲಿ ಒಂದು ನಾಣ್ಯ ಇಟ್ಟೇ ಬಿಸಿಲಿಗಿಡಿ. ತೊಳೆದ ಮೇಲೆ ನಾಣ್ಯದಡಿ ಬೆಳ್ಳಗಿದ್ದರೆ ತಪ್ಪು ನೆಗೆಟಿವ್‌ನದು: ಲೇಸರ್ ಪ್ರಿಂಟಿನ ಕಪ್ಪು ಅತಿನೇರಳೆ ಬೆಳಕನ್ನು ಪೂರ್ತಿ ತಡೆಯುವುದಿಲ್ಲ. ಇಂಕ್‌ಜೆಟ್‌ನಲ್ಲಿ, ಅದಕ್ಕೆಂದೇ ಬರುವ ಶೀಟಿನ ಮೇಲೆ ಹಾಕಿಸಿ. ನಾಣ್ಯದಡಿಯೂ ನೀಲಿಯಾಗಿದ್ದರೆ ಮಿಶ್ರಣ ಹಳಸಿದೆ, ಇಲ್ಲವೇ ಹಚ್ಚುವಾಗ, ಒಣಗುವಾಗ ಬೆಳಕು ತಾಗಿದೆ. ಅಲ್ಲಲ್ಲಿ ಚುಕ್ಕೆ ಮಾತ್ರ ಇದ್ದರೆ ಬ್ರಷ್ಷಿನ ಲೋಹದ ಪಟ್ಟಿ ಔಷಧಿಗೆ ತಾಗುತ್ತಿದೆಯೇ ನೋಡಿ. ಸ್ಪಾಂಜ್ ಬ್ರಷ್ ಆದರೆ ಆ ತಲೆನೋವೇ ಇಲ್ಲ.

ಅಳತೆ ಹೀಗಿರಲಿ: 100 ಮಿ.ಲೀ. ದ್ರಾವಣಕ್ಕೆ ಹಸಿರು ಫೆರಿಕ್ ಅಮೋನಿಯಂ ಸಿಟ್ರೇಟ್ 25 ಗ್ರಾಂ. ಇನ್ನೊಂದು ಬಾಟಲಿಯಲ್ಲಿ ಅಷ್ಟೇ ದ್ರಾವಣಕ್ಕೆ ಪೊಟ್ಯಾಸಿಯಂ ಫೆರಿಸಯನೈಡ್ 10 ಗ್ರಾಂ. ಎರಡೂ ಕಂದು ಬಾಟಲಿಯಲ್ಲಿ ಬೇರೆಬೇರೆ ಇರಲಿ. ಹಚ್ಚುವ ಹೊತ್ತಿಗಷ್ಟೇ ಸಮಸಮ ಬೆರೆಸಿ. ಎ4 ಅಳತೆಗೆ ಒಟ್ಟು 4 ಮಿ.ಲೀ. ಸಾಕು. ಸಿಟ್ರೇಟ್ ಬಾಟಲಿಯಲ್ಲಿ ಬೂಸಲು ಬಂದರೆ ಸೋಸಿ ಬಳಸಬಹುದು. ಫೆರಿಸಯನೈಡ್‌ಗೆ ಮಾತ್ರ ಪ್ರಬಲ ಆಮ್ಲ, ಬಿಸಿ ಎರಡೂ ತಾಗಬಾರದು, ವಿಷಾನಿಲ ಏಳುತ್ತದೆ. ಕೈಗವಸು ಹಾಕಿಕೊಳ್ಳಿ.

ನೆಗೆಟಿವ್‌ನ ಗೊಡವೆಯೇ ಬೇಡವೆಂದರೆ ಎಲೆಯನ್ನೋ ಜರಿಗಿಡವನ್ನೋ ನೇರ ಹಾಳೆಯ ಮೇಲಿಟ್ಟು ಗಾಜು ಒತ್ತಿ. ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಈ ವಿಧಾನ ಕಂಡುಹಿಡಿದ ಮರುವರ್ಷವೇ ಸಸ್ಯಶಾಸ್ತ್ರಜ್ಞೆ ಆ್ಯನಾ ಅಟ್ಕಿನ್ಸ್ ಕಡಲಪಾಚಿಗಳನ್ನು ಮುದ್ರಿಸತೊಡಗಿದ್ದು ಹೀಗೆಯೇ.

ಪ್ರಶ್ನೆ: ಗೋಡೆಗೆ ಹಾಕಿದ ಸಯನೋಟೈಪ್ ಮಂಕಾಗಿದೆ. ಮತ್ತೆ ತೊಳೆಯಬಹುದೇ?

ಉತ್ತರ: ಬೇಡ. ಕೆಲವು ದಿನ ಕತ್ತಲಲ್ಲಿ, ಗಾಳಿಯಾಡುವಂತೆ ಇಡಿ. ಬೆಳಕಿನಿಂದ ಮಂಕಾದದ್ದಾದರೆ ಬಹುಪಾಲು ನೀಲಿ ಮರಳುತ್ತದೆ. ಫ್ರೇಮಿನೊಳಗಿನ ರಟ್ಟು ಕ್ಷಾರಯುಕ್ತವಾಗಿದ್ದರೆ ಬದಲಿಸಿ.