ಶನಿವಾರದ ಒಪ್ಪತ್ತು ಮತ್ತು ಸಕ್ಕರೆ ಮಾತ್ರೆ

ಪ್ರಶ್ನೆ: ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಆಸ್ಪತ್ರೆಯೊಂದರಲ್ಲಿ ‘ಮುದ್ದೆ ಬಿಡಿ, ಓಟ್ಸ್ ತಿನ್ನಿ’ ಎಂದು ಅಚ್ಚುಮಾಡಿಸಿದ ಪಟ್ಟಿ ಕೊಟ್ಟು ಕಳುಹಿಸಿದರು. ಅತ್ತೆ ಶನಿವಾರ ಒಪ್ಪತ್ತು ಇರುತ್ತಾರೆ. ಕಳೆದ ವಾರ ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಏನೂ ತಿನ್ನದೆ ಇದ್ದವರು, ಮಧ್ಯಾಹ್ನ ಬೆವೆತು, ಕೈ ನಡುಗಿ ಕುಸಿದರು. ಡಾಕ್ಟರಿಗೆ ಹೇಳೋಣವೆಂದರೆ ‘ಬೈಯುತ್ತಾರೆ, ಬೇಡ’ ಎನ್ನುತ್ತಾರೆ. ವ್ರತ, ಊಟದ ವಿಚಾರವನ್ನೆಲ್ಲ ಡಾಕ್ಟರು ಕೇಳಲಿ ಎಂದು ಬಯಸುವುದು ಅತಿಯಾಯಿತೇ ಮೇಡಂ?
– ಓದುಗಿ, ಬೇಲೂರು ತಾಲ್ಲೂಕು

ಉತ್ತರ: ಖಂಡಿತ ಅತಿಯಲ್ಲ, ತಾಯಿ. ಕೇಳಲೇಬೇಕು.

ಮೊದಲು ತುರ್ತಿನ ಮಾತು. ಈ ಮಾತ್ರೆ ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಯಲ್ಲಿ ಅನ್ನವಿದೆಯೋ ಇಲ್ಲವೋ ಎಂದು ನೋಡುವುದಿಲ್ಲ. ನೀವು ಬರೆದ ಲಕ್ಷಣಗಳೆಲ್ಲ ಸಕ್ಕರೆ ಇಳಿದದ್ದರ ಗುರುತು. ಮತ್ತೆ ಹಾಗಾದರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ನೋಡಿ. ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಇನ್ನು ಆ ಅಚ್ಚಿನ ಪಟ್ಟಿ. ಅದನ್ನು ಓದಿ ನನಗೆ ಸಂಕಟವಾಯಿತು. ನಮ್ಮ ಹಾಸನ ಜಿಲ್ಲೆಯಲ್ಲೇ ಅರಸೀಕೆರೆ ಕಡೆಯವರಿಗೆ ಮುದ್ದೆ ಬೇಕು, ಸಕಲೇಶಪುರದ ಕಡೆಯವರಿಗೆ ಅಕ್ಕಿ ರೊಟ್ಟಿ, ಕಡುಬು. ಎಲ್ಲರಿಗೂ ಒಂದೇ ಓಟ್ಸ್ ಪಟ್ಟಿ ಯಾವ ಅಡುಗೆಮನೆಗೆ? ರಾಗಿಯಲ್ಲಿ ನಾರಿದೆ, 100 ಗ್ರಾಮಿಗೆ 300 ಮಿಲಿಗ್ರಾಂ ಮೀರಿ ಸುಣ್ಣಾಂಶವಿದೆ. ಪಿಷ್ಟವೂ ಹೆಚ್ಚೇ ಇರುವುದರಿಂದ ಗಾತ್ರ ಮುಖ್ಯ. ನಾನು ‘ನಿಮ್ಮ ಮುದ್ದೆ ಎಷ್ಟು ದಪ್ಪ, ಕೈಯಲ್ಲಿ ತೋರಿಸಿ’ ಎನ್ನುತ್ತೇನೆ. ಎರಡೂ ಅಂಗೈ ಜೋಡಿಸಿ ತೋರಿಸಿದವರಿಗೆ ಅರ್ಧ ಮಾಡಿ, ಸೊಪ್ಪಿನ ಸಾರು, ಹುರುಳಿ ಹೆಚ್ಚಿಸಿ ಎಂದರೆ ಒಪ್ಪುತ್ತಾರೆ. ಬಿಡಿ ಎಂದರೆ ಆಸ್ಪತ್ರೆಯನ್ನೇ ಬಿಡುತ್ತಾರೆ.

ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲೇ ರೋಗಿಗೆ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಮುಂದಿಟ್ಟಿದ್ದರು. ಕಾಯಿಲೆ ಯಾಕೆ ಬಂತೆಂದು ನಿಮಗನಿಸುತ್ತದೆ? ಇದರಲ್ಲಿ ನಿಮಗೆ ಹೆಚ್ಚು ಭಯ ಯಾವುದು? ಎರಡನೆಯದನ್ನು ಒಬ್ಬ ಅಜ್ಜಿಗೆ ಕೇಳಿದಾಗ ‘ಕಾಲು ಕತ್ತರಿಸುತ್ತೀರಿ’ ಎಂದರು. ಆಮೇಲೆ ಸೀರೆಯ ಅಂಚು ಮೇಲೆತ್ತಿ, ಯಾರಿಗೂ ತೋರಿಸದಿದ್ದ ಪಾದದ ಹುಣ್ಣನ್ನು ತೋರಿಸಿದರು. ರಕ್ತಪರೀಕ್ಷೆಯ ಯಾವ ಚೀಟಿಯಲ್ಲೂ ಅದು ಇರಲಿಲ್ಲ. ನಮ್ಮ ದೇಶದಲ್ಲೂ 2019ರಿಂದ ಎಂಬಿಬಿಎಸ್ ಪಠ್ಯದಲ್ಲಿ ಮನೋಭಾವ, ನೀತಿ, ಸಂವಹನವನ್ನು ಕಲಿಸುತ್ತಿದ್ದಾರೆ. ಬಹಳ ತಡವಾಯಿತು, ಆದರೂ ಸಂತೋಷ.

ಶನಿವಾರದೊಳಗೆ ಅತ್ತೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ‘ಇವರು ಒಪ್ಪತ್ತು ಬಿಡುವುದಿಲ್ಲ, ಆ ದಿನ ಮಾತ್ರೆ ಹೇಗೆ?’ ಎಂದು ನೀವೇ ಕೇಳಿ. ಪ್ರಮಾಣವನ್ನೋ ಹೊತ್ತನ್ನೋ ಅವರು ಬದಲಿಸಬಹುದು, ಬೇರೆ ಔಷಧಿ ಬರೆಯಬಹುದು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಹಾಲು, ಹಣ್ಣು ವ್ರತಕ್ಕೆ ಆಗುತ್ತದೆಯೇ ಎಂಬುದನ್ನು ಅತ್ತೆಯ ಬಾಯಿಂದಲೇ ಹೇಳಿಸಿ. ಅಷ್ಟಾಗಿಯೂ ಬೈದರೆ ಬೇರೆ ವೈದ್ಯರನ್ನು ನೋಡಿ. ಎರಡನೆಯ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು. ಹಳೆಯ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ.