ಪಾಳು ಬಿದ್ದ ಹಿತ್ತಲನ್ನು ಜೆಸಿಬಿಯಿಂದ ಒಮ್ಮೆಲೇ ಬಯಲು ಮಾಡಿಸಬಹುದೇ?

ಹಳೆಯ ಮನೆಯೊಂದನ್ನು ಕೊಂಡಿದ್ದೇವೆ, ಹಿತ್ತಲಿನಲ್ಲಿ ಐದು ವರ್ಷಗಳ ಕಳೆ ಆಳೆತ್ತರಕ್ಕೆ ನಿಂತಿದೆ, ಜೆಸಿಬಿ ಕರೆಸಿ ಒಂದೇ ದಿನದಲ್ಲಿ ಬಯಲು ಮಾಡಿಸಲೇ ಅಥವಾ ಕಳೆನಾಶಕ ಹೊಡೆಸಲೇ ಎಂದು ಕೇಳಿದ್ದೀರಿ. ಎರಡೂ ಬೇಡ ಎಂಬುದೇ ನನ್ನ ಉತ್ತರ. ಮೈಸೂರಿನ ಹೊರವಲಯದಲ್ಲಿ ನಾವು ಕೊಂಡ ಮನೆಯ ಹಿತ್ತಲೂ ಇದೇ ಸ್ಥಿತಿಯಲ್ಲಿತ್ತು. ಮುಂದಿನ ಅರ್ಧವನ್ನು ನಾನು ಯಂತ್ರದಿಂದ ಕೆರೆಸಿದೆ. ಬಾವಿಕಟ್ಟೆ ಅಡ್ಡವಿದ್ದುದರಿಂದ ಹಿಂದಿನ ಅರ್ಧಕ್ಕೆ ಯಂತ್ರ ಹೋಗಲಾಗಲಿಲ್ಲ. ಹೀಗಾಗಿ ಒಂದೇ ಹಿತ್ತಲಿನಲ್ಲಿ ಎರಡು ಬಗೆಯ ಫಲವನ್ನು ಕಣ್ಣಾರೆ ಕಂಡಿದ್ದೇನೆ.

ಯಂತ್ರ ಕೆರೆದ ಕಡೆ, ವರ್ಷಗಟ್ಟಲೆ ಎಲೆ ಕೊಳೆತು ಕಪ್ಪಾಗಿದ್ದ ಮೇಲ್ಮಣ್ಣು ಕಳೆಯೊಡನೆಯೇ ಟ್ರ್ಯಾಕ್ಟರ್ ಏರಿ ಹೋಯಿತು, ಕೆಳಗಿದ್ದ ಗಟ್ಟಿ ಕೆಂಪು ಮಣ್ಣು ಮೇಲೆ ಬಂದಿತು. ರೋಹಿಣಿ ಮಳೆ ಹೊಯ್ದಾಗ ನೀರು ಇಂಗದೆ ಕೆಂಪಗೆ ಗೇಟಿನತ್ತ ಹರಿಯಿತು, ಬಿಸಿಲು ಬಂದೊಡನೆ ನೆಲ ಹೆಂಚಿನಂತೆ ಗಟ್ಟಿಯಾಯಿತು. ಅದಾಗಿ ಕೆಲವೇ ವಾರಗಳಲ್ಲಿ ಯಾರೋ ಬಿತ್ತಿದಂತೆ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಳೆ, ಎದ್ದಿತು. ಅದರ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಮೇಲಿನ ಹೊದಿಕೆಯನ್ನು ತೆಗೆದು ಬೆಳಕು ಬಿಟ್ಟರೆ ನಾವೇ ಅದನ್ನು ಕರೆದಂತಾಗುತ್ತದೆ. ಕಳೆನಾಶಕ ಹೊಡೆಸಿದರೂ ಮಣ್ಣಿನೊಳಗಿನ ಬೀಜ ಹಾಗೆಯೇ ಉಳಿಯುತ್ತದೆ. ಅಲ್ಲದೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣ ನಿರ್ವಾಹಕರ ಹೊರತು ಬೇರೆ ಯಾರೂ ಬಳಸಕೂಡದೆಂದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿಯೇ ಆದೇಶಿಸಿದೆ. ಬಾವಿಯಿರುವ ಹಿತ್ತಲಿಗಂತೂ ಅದು ಸಲ್ಲದು.

ಹಿಂದಿನ ಅರ್ಧವನ್ನು ಕುಡುಗೋಲು, ಗುದ್ದಲಿ ಹಿಡಿದು ವಾರಕ್ಕೆ ಒಂದಿಷ್ಟರಂತೆ ಬಿಡಿಸಿದೆವು. ನೀವೂ ಹಾಗೆಯೇ ಆರಂಭಿಸಿ. ಕೆಲಸವನ್ನು ಹಗಲು ಹೊತ್ತಿನಲ್ಲಿಯೇ ಮಾಡಿ, ಮೊಣಕಾಲಿನವರೆಗೆ ಬರುವ ಬೂಟು ಹಾಕಿಕೊಳ್ಳಿ, ಕೈ ಹಾಕುವ ಮೊದಲು ಉದ್ದನೆಯ ಕೋಲಿನಿಂದ ಪೊದೆಯನ್ನು ಬಡಿಯಿರಿ. ಹಳೆಯ ಹೆಂಚು, ಇಟ್ಟಿಗೆ, ಸೌದೆಯ ರಾಶಿಯ ಕೆಳಗೆ ಕೊಳಕು ಮಂಡಲವೋ ಕಟ್ಟು ಹಾವೋ ಇರಬಹುದಾದ್ದರಿಂದ ಅವನ್ನು ಬರಿಗೈಯಿಂದ ಎಂದೂ ಎತ್ತಬೇಡಿ. ಹಾವು ಕಂಡರೆ ಹಿಂದೆ ಸರಿದು ಬಲ್ಲವರನ್ನು ಕರೆಸಿ.

ಗುರುತು ಸಿಗದ ಗಿಡವನ್ನು ಕಡಿಯಬೇಡಿ. ಇದು ನಾನು ಹೇಳಬೇಕಾಗಿರುವ ಮುಖ್ಯ ಮಾತು. ಪಾಳು ಹಿತ್ತಲೆಂದರೆ ಖಾಲಿ ಹಿತ್ತಲಲ್ಲ. ಅಲ್ಲಿ ಏನೇನಿದೆ ಎಂದು ತಿಳಿಯಲು ಒಂದು ಮಳೆಗಾಲವಾದರೂ ಬೇಕು. ನಮ್ಮಲ್ಲಿ ಬಟ್ಟೆ ಒಗೆಯುವ ಕಲ್ಲಿನ ಬುಡದ ತೇವದಲ್ಲಿ ಒಂದೆಲಗ ಹಬ್ಬಿತ್ತು, ಲಂಟಾನದ ನಡುವೆ ಕರಿಬೇವಿನ ಮರಿಗಳಿದ್ದವು. ಕಾಂಪೌಂಡಿನ ಮೂಲೆಯಲ್ಲಿ ಸೊಂಟದೆತ್ತರದ ಸಣ್ಣ ಗಿಡವೊಂದಿತ್ತು; ಎದುರುಬದುರಾಗಿ ಜೋಡಿ ಎಲೆಗಳು, ತುದಿಯಲ್ಲಿ ಕಂದುಗೆಂಪು ಬಣ್ಣದ ಪುಟ್ಟ ಹೂಗಳು. ಅದು ಶ್ರೀಗಂಧವೆಂದು ಪಕ್ಕದ ಮನೆಯ ಹಿರಿಯರು ಹೇಳಿದ ಮೇಲೆಯೇ ನನಗೆ ತಿಳಿಯಿತು. ಅದರ ಕಪ್ಪು ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಬೇಲಿಸಾಲಿನಲ್ಲಿ ಬೀಳಿಸುತ್ತವೆ. ಗಂಧವು ಅಕ್ಕಪಕ್ಕದ ಗಿಡಗಳ ಬೇರಿನಿಂದ ಆಹಾರ ಹೀರಿ ಬದುಕುವ ಗಿಡವಾದ್ದರಿಂದ ಸುತ್ತಲಿನದನ್ನೆಲ್ಲ ಕಡಿದು ಅದೊಂದನ್ನೇ ಉಳಿಸಿದರೆ ಸೊರಗುತ್ತದೆ. 2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಗಂಧದ ಮರ ಜಮೀನಿನ ಒಡೆಯರದೇ ಆಗಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೇರೆ ದೊಡ್ಡ ಮರಗಳಿದ್ದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಟ್ಟುಕೊಂಡು, ಕೊಡಲಿ ಎತ್ತುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ನೋಡಿದೊಡನೆ ಕೀಳಬೇಕಾದದ್ದು ಪಾರ್ಥೇನಿಯಂ. ಮಳೆ ಬಂದ ಮರುದಿನ, ಹೂವಾಗುವ ಮೊದಲು, ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತರೆ ಅದು ಗೊಬ್ಬರದ ಗುಂಡಿಗೂ ಆಗುತ್ತದೆ. ಹೂ ಬಿಟ್ಟದ್ದನ್ನು ಗುಂಡಿಗೆ ಹಾಕಬಾರದು. ಮೈ ತುರಿಕೆ, ಉಬ್ಬಸವಿರುವವರು ಇದನ್ನು ಮುಟ್ಟದಿರುವುದೇ ಲೇಸು. ಎಲೆಯ ಮೇಲೆ ಹಾಲುಬಿಳಿ ಬೆನ್ನಿಗೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಈ ಕಳೆಯನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಕೀಟದ ಸಂತತಿ ಅದು, ಮಳೆಗಾಲದಲ್ಲಿ ಎಲೆಯನ್ನು ಜರಡಿಯಂತೆ ಮಾಡಿಬಿಡುತ್ತದೆ.

ಹುಲ್ಲಿನಂತೆ ಕಾಣುವ ಜೇಕು ಎಂಬ ಕಳೆಯ ವಿಷಯ ಬೇರೆ. ಅದರ ಗಡ್ಡೆಗಳು ದಾರದಲ್ಲಿ ಪೋಣಿಸಿದಂತೆ ನೆಲದೊಳಗೆ ಸಾಲಾಗಿರುತ್ತವೆ. ಎಳೆದರೆ ದಾರ ಹರಿದು ಪ್ರತಿ ಗಡ್ಡೆಯೂ ಬೇರೆಯಾಗಿ ಚಿಗುರುತ್ತದೆ. ಬೇಸಿಗೆಯಲ್ಲಿ ಅಗೆದು ಗಡ್ಡೆಗಳನ್ನು ಬಿಸಿಲಿಗೆ ಒಣಗಿಸಿ, ಮಳೆ ಹಿಡಿದ ಮೇಲೆ ಅಲ್ಲಿ ಸಿಹಿಗೆಣಸನ್ನೋ ಕುಂಬಳವನ್ನೋ ದಟ್ಟವಾಗಿ ಹಬ್ಬಿಸಿ. ನೆರಳನ್ನು ತಾಳಿಕೊಳ್ಳುವ ಶಕ್ತಿ ಜೇಕಿಗೆ ಇಲ್ಲ. ಆದರೂ ಎರಡು ಮೂರು ವರ್ಷ ಬಿಡದೆ ಬೆನ್ನು ಹತ್ತಬೇಕಾಗುತ್ತದೆ.

ಮನೆ ಹಳೆಯದಾದ್ದರಿಂದ ಗೋಡೆಯ ಪಕ್ಕದಲ್ಲಿ ಸುಣ್ಣ, ಸಿಮೆಂಟಿನ ಚೂರು ಹೂತಿರಬಹುದು. ಅಲ್ಲಿ ಮಣ್ಣಿನ ಕ್ಷಾರ ಗುಣ ಹೆಚ್ಚಿರುತ್ತದೆ. ಐದಾರು ಕಡೆ ಗೇಣುದ್ದ ಅಗೆದು ಮಣ್ಣು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಪರೀಕ್ಷೆಗೆ ಕೊಡಿ. ಗೊಬ್ಬರಕ್ಕೆ ಹಣ ಸುರಿಯುವುದು ಅದರ ನಂತರ.

ಕೆಟ್ಟುಹೋಗಿದ್ದ ನಮ್ಮ ಮುಂದಿನ ಅರ್ಧಕ್ಕೆ ಎರಡು ವರ್ಷ ಮುಂಗಾರಿನಲ್ಲಿ ಹಸಿರೆಲೆ ಗೊಬ್ಬರಕ್ಕೆಂದು ಸೆಣಬಿನ ಬೀಜ ಚೆಲ್ಲಿ, ಸುಮಾರು ನಲವತ್ತೈದು ದಿನಕ್ಕೆ ಹೂ ಕಾಣಿಸಿಕೊಂಡಾಗ ಕತ್ತರಿಸಿ ಮಣ್ಣಿಗೆ ಸೇರಿಸಿದೆವು, ಮೇಲೆ ಕೊಟ್ಟಿಗೆ ಗೊಬ್ಬರ ಮತ್ತು ಒಣ ಎಲೆಗಳನ್ನು ಹೊದಿಸಿದೆವು. ಮೂರನೆಯ ಮಳೆಗಾಲದಲ್ಲಿ ಗುದ್ದಲಿ ಹಾಕಿದಾಗ ಅಲ್ಲಿ ಮೊದಲ ಎರೆಹುಳು ಕಂಡಿತು. ಬಾವಿಯ ಹಿಂದಿನ ಅರ್ಧದಲ್ಲಿ ಅವು ನಾವು ಮನೆಗೆ ಬಂದ ದಿನವೇ ಇದ್ದವು.